ನಾನು ಓದದೆ ಬಿಟ್ಟ ತಂಬಾಕಿನ ಸುದ್ದಿ

ಆ ಸುದ್ದಿ ಕೇಳಿ ಅಪ್ಪ ಸಿಟ್ಟಿನಿಂದ ಎದ್ದು ನಿಂತ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಬಹುಶಃ ಕೂತೇ ಇದ್ದ. ಅವನನ್ನು ಎಬ್ಬಿಸಿ ನಿಲ್ಲಿಸಿದವನು ನಾನೇ ಇರಬೇಕು, ಹೇಳಲು ಚೆನ್ನಾಗಿರಲೆಂದು. ಆದರೆ ಸುದ್ದಿ ಓದಿದವನು ನಾನು. ಅದರಲ್ಲಿ ಅನುಮಾನವಿಲ್ಲ.

ಆಗ ನಾನು ಸಿಂಧನೂರಿನ ಹೈಸ್ಕೂಲಿನಲ್ಲಿ ಮಾಸ್ತರ. ಶನಿವಾರ ಮಸ್ಕಿಯ ಮನೆಗೆ ಬರುವಾಗ ಇಂಗ್ಲಿಷ್ ಪೇಪರ್ ತರುತ್ತಿದ್ದೆ. ಇಂಗ್ಲೆಂಡು ಯುರೋಪಿನ ಮಾರುಕಟ್ಟೆ ಸೇರುತ್ತದೆ, ನಮ್ಮ ದೇಶದ ತಂಬಾಕಿಗೆ ಅಲ್ಲಿದ್ದ ಸುಂಕದ ರಿಯಾಯಿತಿ ಹೋಗುತ್ತದೆ, ದಿಲ್ಲಿ ತಕರಾರು ಎತ್ತಿದೆ ಎಂದು ಓದಿ ಹೇಳಿದೆ.

“ಕೊಟ್ಟ ಮಾತು ಹೊಳ್ಳಿ ತಗೋತಾರೇನಲೇ? ನಾಚಿಕಿ ಇಲ್ಲದ ಮಂದಿ!” ಎಂದ ಅಪ್ಪ. ಅದರ ಬೆನ್ನಿಗೇ, “ಹಂಗಾರ ನಮ್ಮ ಹೊಲ ಬಿಡಿಸ್ಕೋಬೇಕು” ಎಂದ.

ನಮ್ಮ ಕೆಂಪು ಮಣ್ಣಿನ ಹೊಲವನ್ನು ಗುಂಟೂರು ಕಡೆಯ ರೈತನೊಬ್ಬ ಮೂರು ಬೆಳೆಗೆ ಗುತ್ತಿಗೆ ಹಿಡಿದಿದ್ದ. ಅವನ ಜನವೆಲ್ಲ ಕಾಲುವೆ ನೀರಿಗೆ ಭತ್ತ ಹಚ್ಚಿದರೆ ಇವನು ಸಿಗರೇಟಿನ ತಂಬಾಕು ಹಾಕಿದ. ಎಲೆ ಬೇಯಿಸಿ ಒಣಗಿಸಲು ಹೊಲದಲ್ಲೇ ಎತ್ತರದ ಬ್ಯಾರನ್ ಕಟ್ಟಿದ್ದ. ಊರಿಂದ ತಂದ ದುಡ್ಡೆಲ್ಲ ಅದರ ಗೋಡೆಗೇ ಹೋಗಿತ್ತು. ಇದು ಎರಡನೆಯ ಬೆಳೆ.

ಗುತ್ತಿಗೆಯ ಮಾತಾದಾಗ ನಮ್ಮಲ್ಲಿ ಎಲೆ-ಅಡಿಕೆ ಕೊಟ್ಟು ತೆಗೆದುಕೊಳ್ಳುತ್ತಾರೆ. ಮಾತು ಮುರಿಯುವವನು ತಾನೇ ಎದುರಿನವನ ಬಾಗಿಲಿಗೆ ಹೋಗಿ ಎಲೆ-ಅಡಿಕೆ ಇಡಬೇಕು. ಆ ಅವಮಾನ ತಪ್ಪಿಸಿಕೊಳ್ಳಲು ಅಪ್ಪ ಆಳು ಕಳಿಸಿ ಅವನಿಗೇ ಬರಹೇಳಿದ. ಆಳು ಒಬ್ಬನೇ ಮರಳಿ ಬಂದ. “ಬ್ಯಾರನ್‌ಗೆ ಎಲಿ ಏರಿಸಿ ಒಲಿಗೆ ಬೆಂಕಿ ಹಾಕ್ಯಾನಂತ್ರಿ. ಐದು ದಿನ ಅದನ್ನ ಬಿಟ್ಟು ಬರಾಕ ಆಗಂಗಿಲ್ಲಂತ. ನೀವ ಬರಬೇಕಂತ್ರಿ.”

ಅಪ್ಪ, ನಾನು ಹೋದೆವು. ರೈತ ಬ್ಯಾರನ್ ಗೋಡೆಯ ಸಣ್ಣ ಗಾಜಿಗೆ ಕಣ್ಣು ಹಚ್ಚಿ ಒಳಗಿನ ಶಾಖ ನೋಡುತ್ತಿದ್ದ. ತಿರುಗಲಿಲ್ಲ. ಅಪ್ಪ ಒಲೆಯ ಪಕ್ಕದ ಕಟ್ಟೆಯ ಮೇಲೆ ಎಲೆ-ಅಡಿಕೆ ಇಟ್ಟ.

“ಲಂಡನ್ನಿನವ್ರು ರಿಯಾಯ್ತಿ ತಗದ್ರಂತ. ಇನ್ನ ನಿನ್ನ ಎಲಿ ಯಾರು ಕೊಳ್ತಾರ, ಗುತ್ತಿಗಿ ರೊಕ್ಕ ಎಲ್ಲಿಂದ ಕೊಡ್ತಿ? ಪೇಪರ್ನಾಗ ಬಂದೈತಿ.”

“ಪೇಪರ್ ಪೂರಾ ಓದೀರೇನ್ರಿ ಮಾಸ್ತರ್ರ?” ಎಂದು ಅವನು ನನ್ನನ್ನು ಕೇಳಿದ.

ಪೇಪರ್ ಕಿಸೆಯಲ್ಲಿತ್ತು. ಕೆಳಗಿನ ಪ್ಯಾರಾ ಓದಿದೆ. ಮಾತುಕತೆ ಇನ್ನೂ ನಡೆದಿದೆ. ರಿಯಾಯಿತಿಯನ್ನು ಒಮ್ಮೆಗೇ ಅಲ್ಲ, ಕೆಲವು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಬಹುದು.

ಮನೆಯಲ್ಲಿ ಇದನ್ನೇಕೆ ಓದಲಿಲ್ಲ? ಊಟಕ್ಕೆ ಕರೆದರು ಎಂದು ಬಹಳ ಕಾಲ ಹೇಳಿದೆ. ಅಪ್ಪನ ಸಿಟ್ಟು ನೋಡಲು ಮಜವಾಗಿತ್ತು ಎಂದು ಆಮೇಲೆ ಒಪ್ಪಿಕೊಂಡೆ. ಈಗ ಎರಡನ್ನೂ ನಂಬುವುದಿಲ್ಲ.

ಅವನು ಈಗ ತಿರುಗಿದ. “ಕೇಳಿದ್ರೇನ್ರಿ ಗೌಡ್ರ? ಲಂಡನ್ನಿನವ್ರು ವರ್ಷಗಟ್ಲೆ ಟೈಮ್ ಕೊಡ್ತಾರ. ನೀವು ಈ ಬೆಂಕಿ ಆರೋತನಕಾನೂ ಕೊಡ್ಲಿಲ್ಲ.”

ಅಪ್ಪನ ಮುಖ ಕಪ್ಪಿಟ್ಟಿತು. ಇಟ್ಟದ್ದನ್ನು ಹಿಂತೆಗೆಯಲು ಕಟ್ಟೆಯತ್ತ ಕೈ ಚಾಚಿ, “ಇರ್ಲಿ ಬಿಡಪಾ, ಮೂರನೇ ಬೆಳಿನೂ ನೀನ ಮಾಡು” ಎಂದ. ಅಷ್ಟರಲ್ಲಿ ಅವನು ಎಲೆ-ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡಿದ್ದ. ಮಾತು ಮುರಿದದ್ದನ್ನು ಒಪ್ಪಿಕೊಂಡಂತಾಯಿತು.

“ಬರೋ ಶನಿವಾರ ಮಾಸ್ತರ್ರು ಇನ್ನೊಂದು ಪೇಪರ್ ತರ್ತಾರ್ರಿ” ಎಂದ, ಅಗಿಯುತ್ತ. “ಈ ಬ್ಯಾರನ್ ಎಲಿ ಇಳಿಸಿ ಗೊರೇಬಾಳಕ್ಕ ಹೋಗಿ ನಮ್ಮವ್ರ ಜೊತಿ ಭತ್ತ ಹಚ್ತೀನಿ. ಗೋಡಿ ನೀವ ಕೆಡವಿಕೊಳ್ರಿ.”

ನಾನು ಏನೋ ಹೇಳಲು ಮುಂದೆ ಹೋದೆ. ಅವನು ಕಟ್ಟಿಗೆ ಎತ್ತಿಕೊಂಡು ಬಂದು ನನ್ನೆದುರು ನಿಂತ. ಒಲೆಯ ಬಾಯಿಗೆ ನಾನು ಅಡ್ಡವಾಗಿದ್ದೆ.

“ಬಾಜೂಕ ಸರೀರಿ ಮಾಸ್ತರ್ರ” ಎಂದ. “ಶಾಖ ಇಳಿಯಾಕತ್ತೈತಿ.”