ಅಕ್ಕನ ದುಡ್ಡೂ ಸಲಹೆಗಾರರ ಅಟ್ಟವೂ

ಗೆಳೆಯರೇ, ಇವತ್ತಿನ ಖರ್ಚು ಮೂರು ಚಹಾ, ಒಂದು ಪ್ಲೇಟ್ ಗೋಳಿಬಜೆ, ನನ್ನ ಅಡಿಕೆ ಅಂಗಡಿಯ ಒಂದು ಗಂಟೆ. ಟೀಚರಾಗಿ ನಿವೃತ್ತಳಾದ ಅಕ್ಕನ ಹಣ ಎಲ್ಲಿಡಬೇಕೆಂದು ಹೇಳಲು ಹೂಡಿಕೆ ಸಲಹೆಗಾರರೊಬ್ಬರು ವಿಟ್ಲಕ್ಕೆ ಬಂದಿದ್ದರು.

"ಹದಿನೈದು ವರ್ಷ ಮುಟ್ಟಬೇಡಿ ಮೇಡಂ, ಮತ್ತೆ ನೋಡಿ" ಎಂದು ಅರ್ಜಿ ಮುಂದಿಟ್ಟರು.

"ಮುಂದಿನ ವರ್ಷ ನನ್ನ ಮೊಣಕಾಲಿನ ಆಪರೇಷನ್ ಉಂಟು ಮಾರಾಯ್ರೆ. ಹದಿನೈದು ವರ್ಷ ಕುಂಟುವುದಾ?" ಎಂದಳು ಅಕ್ಕ. "ಅದಿರಲಿ, ನಿಮ್ಮ ಸ್ವಂತ ದುಡ್ಡು ಎಲ್ಲಿ ಹಾಕಿದ್ದೀರಿ?"

ಅವರು ತಲೆ ಕೆರೆದುಕೊಂಡರು. "ಮನೆಯ ಅಟ್ಟದಲ್ಲಿ ನಾಲ್ಕು ಕ್ವಿಂಟಲ್ ಹಳೆ ಅಡಿಕೆ ಉಂಟು. ರೇಟು ಬರಲಿ ಅಂತ ಕಾಯ್ತಾ ಇದ್ದೇನೆ."

ಅಕ್ಕ ಅರ್ಜಿಯನ್ನು ಮಡಚಿ ಅವರ ಕೈಗೇ ಕೊಟ್ಟಳು. ನಾನು ಇವತ್ತಿನ ರೇಟು ಹೇಳಿ, "ಕಾದದ್ದು ಸಾಕು, ನನಗೇ ಮಾರಿಬಿಡಿ" ಎಂದೆ. ಅವರು ಒಪ್ಪಿದರು.

ಅಕ್ಕನಿಗೆ ಮೊಣಕಾಲಿನ ದುಡ್ಡು ಉಳಿಯಿತು, ನನಗೆ ನಾಲ್ಕು ಕ್ವಿಂಟಲ್ ಅಡಿಕೆ ಸಿಕ್ಕಿತು. ಸಲಹೆಗಾರರಿಗೆ ಸಲಹೆ ಸಿಕ್ಕಿತು, ಅದೂ ಫೀಸಿಲ್ಲದೆ.