ಮೀಟರಿನ ಮುಳ್ಳು ಏರಿದ್ದನ್ನು ನಾನು ನೋಡಿದ್ದೆ

ಭೀಮಣ್ಣ, ನೀನು ಕಳ್ಳನಲ್ಲವೆಂದು ಗೊತ್ತಿದ್ದೂ ನಾಲ್ಕು ಜನರ ಮುಂದೆ ನಿನ್ನನ್ನು ಕಳ್ಳನನ್ನಾಗಿ ಮಾಡಿದವಳು ನಾನು. ಬೈದವರು ನಮ್ಮನೆಯವರು, ನಿಜ. ಆದರೆ ಆ ಬೈಗುಳವನ್ನು ಖರೆ ಮಾಡಿದ್ದು ನನ್ನ ಬಾಯಿ.

ಕಾಲುವೆಗೆ ನೀರು ಬಿಟ್ಟ ಹೊಸತು. ಗುತ್ತಿಗೆದಾರನ ಕೈಕೆಳಗೆ ಕಿರುಗಾಲುವೆ ಕೆಲಸ ನೋಡಿಕೊಳ್ಳಲು ನಮ್ಮವರು ಶಹಾಪುರದಿಂದ ಸುರಪುರದ ಕಡೆಗೆ ಮೋಟರ್‌ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಒಮ್ಮೆ ಗಾಡಿ ನಿಜವಾಗಿಯೂ ದಾರಿಯಲ್ಲಿ ನಿಂತಿತು. ನಮ್ಮ ಓಣಿಯ ಹತ್ತಿರವೇ ಗಾಡಿ ರಿಪೇರಿ ಅಂಗಡಿ ಇಟ್ಟಿದ್ದ ನೀನೇ ಸರಿ ಮಾಡಿದೆ. ಎಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಕಾಯಿಲಿನಿಂದ ಬರುವ ವೈರು ಚೈನಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಕರೆಂಟು ಬ್ಯಾಟರಿ ಮುಟ್ಟದೆ ಗಾಡಿಯ ಮೈಗೇ ಹರಿದುಹೋಗುತ್ತಿತ್ತು. ಹೊಸ ವೈರು ಹಾಕಿ, ಚೈನಿಗೆ ತಾಗದಂತೆ ಕಟ್ಟಿಕೊಟ್ಟೆ.

ಆದರೂ ಅವರು ಆಗಾಗ ರಾತ್ರಿ ಸುರಪುರದಲ್ಲೇ ಉಳಿಯತೊಡಗಿದರು. ಕೇಳಿದರೆ ಅದೇ ಉತ್ತರ — "ಚಾರ್ಜಿಂಗ್ ಕೈ ಕೊಟ್ಟದ, ಗಾಡಿ ನಿಂತಿತ್ತು. ನಡಕೋತ ಬರ್ಲೇನು?" ನಾನು ನಂಬಿದೆ. ನಿನ್ನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ನಾಗರಪಂಚಮಿಗೆ ಅವ್ವ ತವರೂರು ವನದುರ್ಗದಿಂದ ಸಿಹಿ ಉಂಡಿ ಕಳಿಸುತ್ತಿದ್ದುದು ನಿನ್ನ ಕೈಯಲ್ಲೇ. ನನಗೆ ಒಡಹುಟ್ಟಿದವರಿಲ್ಲ, ತವರೂರಿನವನಾದ ನೀನೇ ತಮ್ಮ. ಆ ವರ್ಷ ನೀನು ಉಂಡಿಯ ಡಬ್ಬಿ ಇಟ್ಟಾಗ ಗಾಡಿ ಅಂಗಳದಲ್ಲಿತ್ತು. ಅವರು ಬೆಳಗ್ಗೆಯಷ್ಟೇ ಸುರಪುರದಿಂದ ಬಂದು, ಮತ್ತೆ ಗಾಡಿ ನಿಂತಿತ್ತೆಂದು ಹೇಳಿ, ಚಹಾಕ್ಕೆಂದು ಹೊರಗೆ ಹೋಗಿದ್ದರು. "ನಿನ್ನ ರಿಪೇರಿ ಭಾಳ ಚಂದ ಅದ ನೋಡು" ಎಂದು ಚುಚ್ಚಿದೆ. ನೀನು ಅಂಗಡಿಗೆ ಹೋಗಿ ಕರೆಂಟು ಅಳೆಯುವ ಮೀಟರು ತಂದೆ. ಅದರ ತಂತಿಗಳನ್ನು ಬ್ಯಾಟರಿಗೆ ಹಿಡಿಯಲು ನನಗೇ ಕೊಟ್ಟು, ಗಾಡಿ ಚಾಲೂ ಮಾಡಿ ರೇಸ್ ಕೊಟ್ಟೆ. ಮುಳ್ಳು ಮೇಲೇರಿತು.

"ಚಾರ್ಜಿಂಗ್ ಬರೋಬ್ಬರಿ ಅದ ಅಕ್ಕಾ. ಬ್ಯಾಟರಿನೂ ಫುಲ್ ಅದ." ಆಮೇಲೆ ನನ್ನ ಮುಖ ನೋಡದೆ — "ನಿನ್ನಿ ಈ ಗಾಡಿ ಎಲ್ಲೂ ನಿಂತಿಲ್ಲ."

ಸುರಪುರದಲ್ಲಿ ಇನ್ನೊಬ್ಬಳಿದ್ದಾಳೆಂದು ಓಣಿಯ ಹೆಂಗಸರು ಗುಸುಗುಸು ಮಾಡಿದಾಗ ಅವರ ಮೇಲೇ ಜಗಳಕ್ಕೆ ಹೋಗಿದ್ದವಳು ನಾನು! ಎಷ್ಟು ಚೆನ್ನಾಗಿ ಮೋಸ ಹೋಗಿದ್ದೆ... "ಸುರಪುರದ ಮಾತು ಯಾರ ಮುಂದೂ ಅನಬ್ಯಾಡ" ಎಂದು ನಿನ್ನಿಂದ ಮಾತು ತೆಗೆದುಕೊಂಡೆ.

ಅಷ್ಟರಲ್ಲಿ ಅವರು ಬಂದರು. ನಿನ್ನ ಕೈಯ ಮೀಟರು ಕಂಡದ್ದೇ ತಡ, ದನಿ ಏರಿಸಿದರು — ಹಳೆಯ ವೈರನ್ನೇ ಹಾಕಿ ಹೊಸದರ ದುಡ್ಡು ನುಂಗಿದ ಕಳ್ಳನೆಂದು. ಅತ್ತೆ ಹೊರಗೆ ಬಂದರು. ಎದುರುಮನೆಯ ಕಟ್ಟೆಯ ಮೇಲಿದ್ದವರೂ ಎದ್ದು ಬಂದರು. ನೀನು ನನ್ನ ಕಡೆ ಕೈ ತೋರಿಸಿದೆ.

"ಗಾಡಿ ಬರೋಬ್ಬರಿ ಅದ್ರಿ ಮಾವಾರ. ಅಕ್ಕನ ಕೈಯಾಗೇ ಮೀಟರ್ ಇತ್ತು, ಕೇಳ್ರಿ."

ಎಲ್ಲರೂ ನನ್ನತ್ತ ತಿರುಗಿದರು. ಹೌದೆಂದರೆ, ಹಾಗಾದರೆ ಮಗ ರಾತ್ರಿ ಎಲ್ಲಿದ್ದ ಎಂದು ಅತ್ತೆಯೇ ಕೇಳುತ್ತಿದ್ದರು. ಓಣಿ ನಗುತ್ತಿತ್ತು — ಅವರನ್ನು ನೋಡಿಯಲ್ಲ, ನನ್ನನ್ನು ನೋಡಿ.

"ನನಗೇನು ಗೊತ್ತೋ ಯಪ್ಪಾ. ನಾ ಏನೂ ನೋಡಿಲ್ಲ," ಎಂದೆ.

ನೀನು ಆಗ ಸುರಪುರದ ಬಗ್ಗೆ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ನನಗೆ ಕೊಟ್ಟ ಮಾತಿಗಾಗಿ, ಕಳ್ಳನೆನಿಸಿಕೊಂಡೇ ಮೀಟರಿನ ತಂತಿ ಸುತ್ತಿಕೊಂಡು ಹೋದೆ. ಓಣಿಯ ಗಾಡಿಗಳು ನಿನ್ನ ಅಂಗಡಿಗೆ ಬರುವುದು ನಿಂತಿತು. ನೀನು ಶಹಾಪುರ ಬಿಟ್ಟು ಊರಿಗೆ ಹೋದೆ ಎಂದು ಕೇಳಿದಾಗ ನನಗೆ — ಇದನ್ನೂ ಹೇಳಿಬಿಡುತ್ತೇನೆ — ಸಮಾಧಾನವೇ ಆಯಿತು. ಗುಟ್ಟು ಬಲ್ಲವನೊಬ್ಬ ದೂರವಾದನಲ್ಲ ಎಂದು.

ನನಗೆ ಮೋಸ ಮಾಡಿದವರಿಗೆ ಇಷ್ಟು ವರ್ಷ ಬಿಸಿ ರೊಟ್ಟಿ ಬಡಿದು ಹಾಕಿದೆ. ನನ್ನನ್ನು ನಂಬಿದ ನಿನಗೆ ಒಂದು ಹೌದು ಅನ್ನಲಾಗಲಿಲ್ಲ. ಹೆದರಿದ್ದೆ ಎನ್ನಬಹುದು, ಎನ್ನುವುದಿಲ್ಲ. ನೀನೂ ಹೆದರಬಹುದಿತ್ತು.

ನಿನ್ನೆ ಅವರಿಗೆ ಹೇಳಿದೆ, ಸುರಪುರದ ಸಂಗತಿ ನನಗೆ ಅಂದೇ ಗೊತ್ತಿತ್ತೆಂದು. "ಹಳೇ ಮಾತು ಈಗ್ಯಾಕ?" ಎಂದರು. ಅಂದು ಕಟ್ಟೆಯಿಂದ ಎದ್ದು ಬಂದವರಲ್ಲಿ ಕೆಲವರು ಇನ್ನೂ ಇದ್ದಾರೆ. ಅವರ ಬಾಯಲ್ಲಿ ನೀನಿನ್ನೂ ಕಳ್ಳನೇ. ಮೊದಲು ಅವರ ಮನೆಗಳಿಗೆ ಹೋಗಿ ಎಲ್ಲವನ್ನೂ — ಸುರಪುರದವಳನ್ನೂ ಸೇರಿಸಿ — ಹೇಳುತ್ತೇನೆ. ಆಮೇಲೆ ನಿನ್ನಲ್ಲಿಗೆ ಬರುತ್ತೇನೆ. ನೀನು ಒಳಗೆ ಕರೆಯದಿದ್ದರೆ, ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತೇನೆ.