ಅತ್ತೆ ಅನುಮಾನಪಟ್ಟ ಬಸ್ಸಾರು

ಇವತ್ತು ಮಧ್ಯಾಹ್ನ ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ನೀರು ಬಸಿಯುತ್ತಿದ್ದೆ. ಆವಿ ಮುಖಕ್ಕೆ ಹೊಡೆದದ್ದೇ ತಡ, ಅಭ್ಯಾಸಬಲದಿಂದ ತಿರುಗಿ ನೋಡಿದೆ. ಹಿಂದೆ ಅತ್ತೆ ಇರಲಿಲ್ಲ. ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸಿತು.

ನಾನು ಶಿವಮೊಗ್ಗದ ರವೀಂದ್ರನಗರದವಳು. ತವರಿನಲ್ಲಿ ಹುಳಿಯೆಂದರೆ ಬೇಳೆ, ತರಕಾರಿ ಎಲ್ಲ ಒಂದೇ ಪಾತ್ರೆಯಲ್ಲಿ. ಮದುವೆಯಾಗಿ ಭದ್ರಾವತಿಗೆ ಹೋದ ಹೊಸತರಲ್ಲಿ ಅತ್ತೆ, "ಸೊಪ್ಪು ಬಸ್ದಿಡು, ಬರ್ತೀನಿ" ಎಂದು ಹಿತ್ತಿಲಿಗೆ ಹೋದರು. ನಾನು ಶ್ರದ್ಧೆಯಿಂದ ಬಸಿದೆ, ಸೀದಾ ಮೋರಿಗೆ. ಅತ್ತೆ ಬಂದು ಪಾತ್ರೆ ಹುಡುಕಿ, "ಕಟ್ಟೆಲ್ಲಿ?" ಎಂದರು. ಜಗಲಿಕಟ್ಟೆ ಕೇಳುತ್ತಿದ್ದಾರೆಂದುಕೊಂಡು ಬಾಗಿಲ ಕಡೆ ಕೈ ತೋರಿಸಿದೆ! ಅವರು ಕೇಳಿದ್ದು ಬಸಿದ ನೀರನ್ನು. ಕಟ್ಟು ಎಂದರೆ ಅದೇ, ಬಸ್ಸಾರಿನ ಜೀವ.

"ನೋಡ್ರೀ, ನಿಮ್ಮ ಸೊಸೆ ಸಾರನ್ನೇ ಮೋರಿಗೆ ಹುಯ್ದಿದಾಳೆ" ಎಂದು ಮಾವನವರಿಗೆ ದೂರು ಹೋಯಿತು.

ಅಂದಿನಿಂದ ಬಸಿಯುವಾಗ ಬೆನ್ನ ಹಿಂದೆ ಕಾವಲು. ಸಾರು ಕುದಿದರೆ ಅಂಗೈಗೆ ಒಂದು ತೊಟ್ಟು ಹುಯ್ದುಕೊಂಡು ನೆಕ್ಕುತ್ತಿದ್ದರು. "ನೀರು ಬೆರೆಸಿದೀಯ." ಬೆರೆಸಿರುತ್ತಿರಲಿಲ್ಲ. "ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟಿಲ್ಲ." ಗ್ಯಾಸ್ ಒಲೆಯಲ್ಲಿ ಕೆಂಡ ಎಲ್ಲಿಂದ ತರಲಿ, ನೀವೇ ಹೇಳಿ. ಆಮೇಲೆ ಶಿವಮೊಗ್ಗದ ವಿನೋಬನಗರಕ್ಕೆ ಮನೆ ಬದಲಾಯಿಸಿದರೂ ಅನುಮಾನ ಮಾತ್ರ ಅವರ ಜತೆಯಲ್ಲೇ ಬಂತು. "ಚೆನ್ನಾಗಿದೆ" ಎಂಬ ಒಂದು ಮಾತಿಗೆ ನಾನು ಕಾದೆ, ಕಾದೇ ಕಾದೆ.

ಅವರ ಅನುಮಾನ ನನ್ನೊಬ್ಬಳ ಮೇಲೇ ಅಲ್ಲ, ಅಷ್ಟು ಸಮಾಧಾನ. ಬಸ್ಸಾರು ಅರಮನೆಯಲ್ಲಿ ಹುಟ್ಟಿದ ಅಡುಗೆಯೆಂದು ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದಾಗ ಅತ್ತೆ ಮೂಗು ಮುರಿದರು. "ಅರಮನೇಲಿ ಸೊಪ್ಪು ಬೇಯ್ಸಿದ ನೀರು ಯಾರು ಎತ್ತಿಡ್ತಾರೆ ಮಾರಾಯ್ತಿ? ಚೆಲ್ಲೋಕೆ ಮನಸ್ಸು ಬರದೇ ಇರೋಳು ಯಾರೋ ಮಾಡಿದ್ದಿದು." ಈ ಒಂದು ವಿಷಯದಲ್ಲಿ ನಾನು ಅತ್ತೆಯ ಪಕ್ಷ.

ಇವತ್ತು ಮೊದಲ ತುತ್ತಿಗೇ ಅತ್ತೆ, "ಚೆನ್ನಾಗಿದೆ" ಎಂದುಬಿಟ್ಟರು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅತ್ತೆ ಹೊಳೆಹೊನ್ನೂರಿನ ಮಗಳ ಮನೆಗೆ ಹೊರಡುವ ಪೀಠಿಕೆಯೋ, ನನ್ನ ಮೇಲೇನಾದರೂ ಮುನಿಸೋ? ಯೋಚಿಸುತ್ತಲೇ ಬಡಿಸಿಕೊಂಡು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಇಲ್ಲ.

"ಅತ್ತೆ, ಉಪ್ಪು ಸಾಕಾ?"

"ಹದವಾಗಿದೆ."

ನಾನು ಅವರನ್ನೇ ನೋಡುತ್ತಿದ್ದೆ. ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಮೊನ್ನೆ ಜ್ವರ ಬಂದು ಹೋದಾಗಿಂದ ನಾಲ್ಗೆಗೆ ಏನೂ ಗೊತ್ತಾಗ್ತಿಲ್ಲ ಕಣೆ. ನೀನು ಮಾಡಿದೀಯ, ಚೆನ್ನಾಗೇ ಇರತ್ತೆ ಅಂತ ಹೇಳ್ದೆ." ಆಮೇಲೆ ತಟ್ಟನೆ ತಲೆಯೆತ್ತಿದರು. "ಯಾಕೆ, ಏನಾದ್ರೂ ಕಮ್ಮಿಯಾಗಿದ್ಯಾ?"

"ಇಲ್ಲ ಅತ್ತೆ, ಸರಿಯಾಗಿದೆ."

ಅತ್ತೆ ನಂಬಿದರು. ನನ್ನ ಮಾತನ್ನು ಅವರು ಹಾಗೆ ಪ್ರಶ್ನೆಯಿಲ್ಲದೆ ನಂಬಿದ್ದು ಇದೇ ಮೊದಲು. ನನಗೆ ಅಳು ಬಂತು.